ಜಾಲರಿ ಕರಗಿದ ಮೇಲೆ

ಚಿಕ್ಕಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ಆರು ವರ್ಷಕ್ಕೆ ಹಳೆಯ ಹೊಲಿಗೆಯ ಸಾಲಿನಲ್ಲಿ, ಹೊಕ್ಕುಳಿನ ಕೆಳಗೆ, ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿಕೊಂಡಿತು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಎರಡು ವರ್ಷ ಸೆರಗು ಬಿಗಿದು ಮುಚ್ಚಿಟ್ಟಳು. ಉಬ್ಬು ತೆಂಗಿನಕಾಯಿಯಷ್ಟಾದಾಗ ಆಸ್ಪತ್ರೆಗೆ ಹೋಗಲೇಬೇಕಾಯಿತು. ಹರ್ನಿಯಾ, ಮೆಶ್ ಹಾಕಬೇಕು ಎಂದರು ಡಾಕ್ಟರು. ಮೆಶ್‌ನಲ್ಲಿ ಎರಡು ಬಗೆ ಇದೆ, ಒಂದು ಒಳಗೇ ಉಳಿಯುತ್ತದೆ, ಇನ್ನೊಂದು ಕರಗಿ ಹೋಗುತ್ತದೆ, ಕರಗುವುದಕ್ಕೆ ದುಡ್ಡು ಜಾಸ್ತಿ ಎಂದೂ ಹೇಳಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಕರಗೋದನ್ನೇ ಹಾಕ್ಲಿ ಬಿಡಪ್ಪ, ಮೈಯೊಳಗೆ ಪ್ಲಾಸ್ಟಿಕ್ ಯಾಕೆ ಇಟ್ಕೋಬೇಕು?" ಎಂದಳು. ನನಗೂ ಅದೇ ಸರಿ ಅನ್ನಿಸಿತು. ಬಾಣಂತನದಲ್ಲಿ, ಹಲ್ಲು ಕೀಳಿಸಿದಾಗ ಹಾಕಿದ ಕರಗುವ ಹೊಲಿಗೆಯನ್ನು ನೋಡಿದವರಿಗೆ ಕರಗುವುದು ಅಂದರೆ ಒಳ್ಳೆಯದು ಅನ್ನಿಸುವುದು ಸಹಜ.

ಆಮೇಲೆ ಈ ವಿಷಯದ ಪ್ರಬಂಧಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಓದಿದಷ್ಟೂ ಆತಂಕ ಹೆಚ್ಚಿತು. ಅದನ್ನು ಹೇಳಲು ಈ ಲೇಖನ.

ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತು. ತಾರಸಿಗೆ ಕಾಂಕ್ರೀಟ್ ಸುರಿಯುವ ಮುನ್ನ ಕೆಳಗೆ ಹಲಗೆ, ಕಂಬ ಕೊಟ್ಟು ನಿಲ್ಲಿಸುತ್ತಾರೆ. ದಿನವೂ ನೀರುಣಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ. ಕರಗುವ ಜಾಲರಿಯ ಲೆಕ್ಕಾಚಾರವೂ ಇದೇ. ಹೊಟ್ಟೆಯ ಗೋಡೆಯ ಹರುಕಿಗೆ ಜಾಲರಿ ಆಸರೆ ಕೊಡುತ್ತದೆ, ಅದರ ಕಣ್ಣುಗಳ ಮೂಲಕ ದೇಹದ ಹೊಸ ಊತಕ ಬೆಳೆಯುತ್ತದೆ, ಊತಕ ಬಲಿತ ಮೇಲೆ ಜಾಲರಿ ತಾನಾಗಿ ಮಾಯವಾಗುತ್ತದೆ. ಒಂದೇ ವ್ಯತ್ಯಾಸ. ಮೇಸ್ತ್ರಿ ಹಲಗೆ ಬಿಚ್ಚುವ ಮುಂಚೆ ಕಾಂಕ್ರೀಟನ್ನು ತಟ್ಟಿ ನೋಡುತ್ತಾನೆ, ಹಸಿಯಿದ್ದರೆ ಇನ್ನೊಂದು ವಾರ ಬಿಡುತ್ತಾನೆ. ಜಾಲರಿ ಯಾರನ್ನೂ ಕೇಳುವುದಿಲ್ಲ. ಊತಕ ಬಲಿತಿರಲಿ ಬಿಡಲಿ, ನೀರಿನ ಸಂಪರ್ಕದಲ್ಲಿ ಅದರ ಎಳೆಗಳ ಬಂಧ ತುಂಡಾಗುತ್ತಲೇ ಹೋಗುತ್ತದೆ.

ಜಾಲರಿಯೇ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಕಷ್ಟಪಟ್ಟು ಸಿಕ್ಕಿದ್ದು. ಇಟಲಿಯ ಪಾಡುವಾದಲ್ಲಿ ಎಡುವಾರ್ಡೊ ಬಸ್ಸಿನಿ 1880ರ ದಶಕದಲ್ಲಿ ತೊಡೆಸಂದಿನ ಹರ್ನಿಯಾವನ್ನು ಪದರ ಪದರವಾಗಿ ಹೊಲಿಯುವ ವಿಧಾನ ಕಂಡುಹಿಡಿದ ಮೇಲೆ ಸುಮಾರು ನೂರು ವರ್ಷ ಸರ್ಜನ್‌ಗಳು ಅದನ್ನೇ ತಿದ್ದುತ್ತಾ ಬಂದರು. ಹರಿದ ಬಟ್ಟೆಯ ಎರಡು ಅಂಚನ್ನು ಎಳೆದು ಹೊಲಿದರೆ ಬಿಗಿತಕ್ಕೆ ಮತ್ತೆ ಅಲ್ಲೇ ಪಿಸಿಯುತ್ತದೆ. ಹೊಟ್ಟೆಯಲ್ಲೂ ಅದೇ ಆಗುತ್ತಿತ್ತು. ಹ್ಯೂಸ್ಟನ್ನಿನ ಫ್ರಾನ್ಸಿಸ್ ಅಷರ್ 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಜಾಲರಿ ತಂದರು. 1980ರ ದಶಕದಲ್ಲಿ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಅಂಚುಗಳನ್ನು ಎಳೆಯದೆ, ಜಾಲರಿಯ ತೇಪೆ ಹಾಕುವ ವಿಧಾನವನ್ನು ಜನಪ್ರಿಯಗೊಳಿಸಿದರು. ಬರೀ ಹೊಲಿಗೆಗೂ ಜಾಲರಿಗೂ ಇರುವ ಅಂತರ ಎಷ್ಟು ಎಂಬುದನ್ನು ನೆದರ್‌ಲೆಂಡ್ಸ್‌ನ ವೈದ್ಯರು ಅಳೆದರು. ಹಳೆಯ ಆಪರೇಷನ್ ಗಾಯದಲ್ಲಿ ಹರ್ನಿಯಾ ಆದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 2000ದಲ್ಲಿ ಪ್ರಕಟಿಸಿದ ಮೂರು ವರ್ಷದ ಫಲಿತಾಂಶದಲ್ಲಿ, ಮೊದಲ ಸಲ ಹರ್ನಿಯಾ ಆದವರಲ್ಲಿ ಹೊಲಿಗೆ ಮಾತ್ರ ಹಾಕಿಸಿಕೊಂಡ ಶೇ. 43 ಮಂದಿಗೆ ಅದು ಮರುಕಳಿಸಿತ್ತು, ಜಾಲರಿ ಹಾಕಿಸಿಕೊಂಡವರಲ್ಲಿ ಶೇ. 24. ಅಲ್ಲಿಗೇ ಬಿಡಲಿಲ್ಲ. 2004ರಲ್ಲಿ, ಹತ್ತು ವರ್ಷದ ಲೆಕ್ಕ ಕೊಟ್ಟರು: ಹೊಲಿಗೆಯಲ್ಲಿ ಶೇ. 63, ಜಾಲರಿಯಲ್ಲಿ ಶೇ. 32.

ಈ ಅಂಕಿಗಳಲ್ಲಿ ನನ್ನ ಕಣ್ಣು ನಿಂತದ್ದು ಹೊಲಿಗೆಗೂ ಜಾಲರಿಗೂ ಇರುವ ವ್ಯತ್ಯಾಸದ ಮೇಲಲ್ಲ, ಮೂರನೇ ವರ್ಷಕ್ಕೂ ಹತ್ತನೇ ವರ್ಷಕ್ಕೂ ಇರುವ ವ್ಯತ್ಯಾಸದ ಮೇಲೆ. ಹರ್ನಿಯಾ ಅವಸರದ ಕಾಯಿಲೆ ಅಲ್ಲ. ಎರಡು ಮೂರು ವರ್ಷ ನೋಡಿ ಗೆದ್ದೆವು ಎಂದರೆ ಅರ್ಧ ಆಟ ನೋಡಿ ಎದ್ದು ಬಂದಂತೆ.

ಹಾಗಾದರೆ ಕರಗದ ಜಾಲರಿಯನ್ನೇ ಹಾಕಿಸಿಕೊಂಡು ಸುಮ್ಮನಿರಬಹುದಲ್ಲ? ಅದಕ್ಕೂ ತನ್ನದೇ ಕಾಟವಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ತಪ್ಪು. ತೊಡೆಸಂದಿನ ಹರ್ನಿಯಾ ಆಪರೇಷನ್ ಆದವರಲ್ಲಿ ಶೇ. 10ರಿಂದ 12 ಮಂದಿಗೆ ತಿಂಗಳುಗಟ್ಟಲೆ ಕಾಡುವ ನೋವು ಉಳಿಯುತ್ತದೆ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಜಾಲರಿ ಕುಗ್ಗಬಹುದು, ಸೋಂಕು ತಗುಲಿದರೆ ಕಿತ್ತು ತೆಗೆಯಬೇಕಾಗಬಹುದು, ಅಪರೂಪಕ್ಕೆ ಕರುಳಿಗೆ ಅಂಟಿ ಕೊರೆಯಬಹುದು. ಹಳೆಯ ಗಾಯದ ಹರ್ನಿಯಾಕ್ಕೆ ಚಿಕಿತ್ಸೆ ಪಡೆದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಡೆನ್ಮಾರ್ಕಿನ ಅಧ್ಯಯನ 2016ರಲ್ಲಿ ಬಂತು. ತೆರೆದ ಆಪರೇಷನ್ನಿನಲ್ಲಿ ಜಾಲರಿ ಹಾಕಿಸಿಕೊಂಡವರಲ್ಲಿ ಐದು ವರ್ಷದೊಳಗೆ ಶೇ. 5.6 ಮಂದಿಗೆ ಜಾಲರಿಯಿಂದಲೇ ಗಂಭೀರ ತೊಂದರೆಯಾಗಿತ್ತು. ಹರ್ನಿಯಾ ಮರುಕಳಿಸದಂತೆ ಜಾಲರಿ ತಂದ ಲಾಭದಲ್ಲಿ ಒಂದು ಪಾಲನ್ನು ಈ ತೊಂದರೆಗಳೇ ತಿಂದುಹಾಕುತ್ತವೆ ಎಂದು ಅವರು ಬರೆದರು. ಅಮೆರಿಕದಲ್ಲಿ ಒಂದೇ ಕಂಪನಿಯ ಹರ್ನಿಯಾ ಜಾಲರಿಗಳ ಮೇಲೆ ಸುಮಾರು 38,000 ಮೊಕದ್ದಮೆಗಳಿದ್ದು, ಅವುಗಳಲ್ಲಿ ಬಹುಪಾಲನ್ನು ಇತ್ಯರ್ಥ ಮಾಡಿಕೊಳ್ಳಲು ಆ ಕಂಪನಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ಈ ನೋವು, ಈ ಭಯದಿಂದಲೇ ಕರಗುವ ಜಾಲರಿಗೆ ಮಾರುಕಟ್ಟೆ ಹುಟ್ಟಿತು. ಅದರ ಹಿಂದಿನ ಆಸೆ ನ್ಯಾಯವಾದದ್ದೇ.

ಆದರೆ "ಕರಗುವ" ಅನ್ನುವ ಒಂದೇ ಪದದೊಳಗೆ ಏನೇನಿದೆ ನೋಡಿ. ಪಾಲಿಗ್ಲಾಕ್ಟಿನ್ ಜಾಲರಿ ಮೂರು ವಾರಕ್ಕೇ ಅರ್ಧ ಬಲ ಕಳೆದುಕೊಂಡು ಎರಡು ತಿಂಗಳ ಆಚೀಚೆಗೆ ಮಾಯವಾಗುತ್ತದೆ. ಪಾಲಿಗ್ಲೈಕಾಲಿಕ್ ಆಮ್ಲಕ್ಕೆ ಟ್ರೈಮೀಥೈಲೀನ್ ಕಾರ್ಬೊನೇಟ್ ಬೆರೆಸಿ ಮಾಡಿದ್ದು ಆರೇಳು ತಿಂಗಳು ಇರುತ್ತದೆ. ಪಿ4ಎಚ್‌ಬಿ ಎಂಬ ಪಾಲಿಮರನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ತಯಾರಿಸುತ್ತಾರೆ. ಅದು ಹನ್ನೆರಡು ವಾರಕ್ಕೂ ಸುಮಾರು ಶೇ. 70 ಬಲ ಉಳಿಸಿಕೊಂಡು, ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ಕರಗುತ್ತದೆ. ಸ್ವೀಡನ್ನಿನ ಟೈಗರ್ ಜಾಲರಿಯಲ್ಲಿ ಬೇಗ ಕರಗುವ ಎಳೆ, ನಿಧಾನ ಕರಗುವ ಎಳೆ ಎರಡನ್ನೂ ಸೇರಿಸಿ ನೇಯ್ದಿದ್ದಾರೆ, ಪೂರ್ತಿ ಹೋಗಲು ಮೂರು ವರ್ಷ ಬೇಕು. ಇನ್ನು ಅರೆಕರಗುವ ಜಾಲರಿಗಳ ಅರ್ಧ ನೂಲು ಕರಗಿ, ಉಳಿದರ್ಧ ಪಾಲಿಪ್ರೊಪಿಲೀನ್ ಒಳಗೇ ಕಾಯಂ ಉಳಿಯುತ್ತದೆ. ವಾರ್ಡಿನಲ್ಲಿ ಇವೆಲ್ಲಕ್ಕೂ ಒಂದೇ ಹೆಸರು.

ಈಗ ಮುಖ್ಯ ಪ್ರಶ್ನೆ: ಸೆಂಟ್ರಿಂಗ್ ಬಿಚ್ಚಿದ ಮೇಲೆ ತಾರಸಿ ಯಾವುದರ ಮೇಲೆ ನಿಲ್ಲಬೇಕು? ಹೊಸ ಊತಕದ ಮೇಲೆ, ಅಂದರೆ ಅದರೊಳಗಿನ ಕೊಲಾಜೆನ್ ಮೇಲೆ. ಒಂದನೇ ಬಗೆಯ ಕೊಲಾಜೆನ್ ದಪ್ಪ, ಗಟ್ಟಿ ಹಗ್ಗದಂಥದ್ದು. ಮೂರನೇ ಬಗೆಯದು ತೆಳು, ಎಳಸು. ಗಾಯ ಮಾಯುವಾಗ ಮೊದಲು ಎಳಸು ಬಂದು, ನಿಧಾನವಾಗಿ ಗಟ್ಟಿಯದು ಅದರ ಜಾಗ ಹಿಡಿಯಬೇಕು. ಜರ್ಮನಿಯ ಆಖೆನ್‌ನಲ್ಲಿ ಊವೆ ಕ್ಲಿಂಗೆ ಮತ್ತು ಸಂಗಡಿಗರು ಹರ್ನಿಯಾ ರೋಗಿಗಳ ಊತಕ ತೆಗೆದು ಪರೀಕ್ಷಿಸಿದಾಗ, ಗಟ್ಟಿ ಕೊಲಾಜೆನ್ನಿನ ಪ್ರಮಾಣ ಎಳಸಿನ ಎದುರು ಕಡಿಮೆಯಿರುವುದು ಕಂಡಿತು. ಅಂದರೆ ಹಲವು ಮಂದಿಗೆ ಹರ್ನಿಯಾ ಬರುವುದು ಅವರ ದೇಹ ಹೆಣೆಯುವ ಹುರಿಯೇ ಮೆತ್ತಗಿರುವುದರಿಂದ. ಕರಗುವ ಜಾಲರಿ ಕೊನೆಗೆ ಅದೇ ಮೆತ್ತನೆಯ ಹುರಿಗೆ ಇಡೀ ಹೊರೆ ಹೊರಿಸಿ ಹೊರಟುಹೋಗುತ್ತದೆ. ಹೊರೆ ಎಷ್ಟು ಅಂತೀರಾ? ಆರೋಗ್ಯವಂತ ಯುವಕ ಯುವತಿಯರ ಹೊಟ್ಟೆಯೊಳಗಿನ ಒತ್ತಡವನ್ನು ಅಮೆರಿಕದಲ್ಲಿ ಅಳೆದು 2005ರಲ್ಲಿ ಪ್ರಕಟಿಸಿದರು. ಬಿಪಿ ಅಳೆಯುವ ಮಾನದಲ್ಲೇ, ನಿಂತು ಕೆಮ್ಮಿದಾಗ ಸರಾಸರಿ 107, ನೆಗೆದಾಗ 171. ಬೀಡಿ ಕೆಮ್ಮಿನ ಗಂಡಸು ದಿನಕ್ಕೆ ಎಷ್ಟು ಸಲ ಕೆಮ್ಮುತ್ತಾನೆ, ಯೋಚಿಸಿ.

ಪ್ರಯೋಗಗಳು ಏನು ಹೇಳುತ್ತಿವೆ? ಮೊದಲು ಸ್ವೀಡನ್ನಿನದು. ತೊಡೆಸಂದಿನ ಹರ್ನಿಯಾ ಇದ್ದ 40 ಜನರಿಗೆ ಮೂರು ವರ್ಷ ಬಾಳುವ ಜಾಲರಿಯನ್ನೇ ಹಾಕಿ ಮೂರು ವರ್ಷ ನೋಡಿದರು. ವೃಷಣದ ನಾಳ ಹೊರಡುವ ದಾರಿಯಲ್ಲೇ ಕರುಳು ಜಾರುವ ಓರೆ ಹರ್ನಿಯಾ ಮಾತ್ರ ಇದ್ದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ, ನೋವೂ ಕಡಿಮೆ. ಒಳ್ಳೆಯ ಸುದ್ದಿ. ಆದರೆ ಗೋಡೆಯೇ ಸವೆದು ಉಬ್ಬುವ ನೇರ ಹರ್ನಿಯಾ ಇದ್ದವರಲ್ಲಿ, ಎರಡೂ ಬಗೆ ಒಟ್ಟಿಗಿದ್ದವರನ್ನೂ ಸೇರಿಸಿ ಎಣಿಸಿದರೆ, ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಹರ್ನಿಯಾ ಮತ್ತೆ ಬಂತು. ಕೊಲಾಜೆನ್ ಕಥೆ ಹೇಳಿದ ಹಾಗೇ ಆಯಿತು: ದಾರಿ ಮಾತ್ರ ಸಡಿಲವಿದ್ದಲ್ಲಿ ತಾತ್ಕಾಲಿಕ ಆಸರೆ ಸಾಕಾಯಿತು, ಗೋಡೆ ಸವೆದಿದ್ದಲ್ಲಿ ಸಾಕಾಗಲಿಲ್ಲ.

ಎರಡನೆಯದು ಅಮೆರಿಕದ್ದು. ಬೊಜ್ಜು, ಸಕ್ಕರೆ ಕಾಯಿಲೆ, ಧೂಮಪಾನದಂಥ ಅಪಾಯಗಳಿದ್ದ, ಆದರೆ ಗಾಯ ಶುದ್ಧವಾಗಿದ್ದ 121 ಜನರಿಗೆ ಹೊಟ್ಟೆಯ ಹರ್ನಿಯಾಕ್ಕೆ ಪಿ4ಎಚ್‌ಬಿ ಜಾಲರಿ ಹಾಕಿದರು. ಹದಿನೆಂಟು ತಿಂಗಳಿಗೆ, ಅಂದರೆ ಜಾಲರಿ ಕರಗಿ ಮುಗಿಯುವ ಹೊತ್ತಿಗೆ, ಮರುಕಳಿಸಿದ್ದು ಶೇ. 9. ಮೂರು ವರ್ಷಕ್ಕೆ ಸುಮಾರು ಶೇ. 18. ಐದು ವರ್ಷಕ್ಕೆ ಸುಮಾರು ಶೇ. 22. ಮೊದಲ ಅಂಕಿಯನ್ನು ಮಾತ್ರ ಕೇಳಿದವರು ಚೆನ್ನಾಗಿದೆ ಎನ್ನುತ್ತಾರೆ, ನಾನೂ ಎನ್ನುತ್ತಿದ್ದೆ. ಆಸರೆ ಪೂರ್ತಿ ಹೋದ ಮೇಲಿನ ಒಂದೂವರೆ ವರ್ಷದಲ್ಲಿ ಅದು ಎರಡು ಪಟ್ಟಾಯಿತು.

ಕರಗದ ಜಾಲರಿಯಲ್ಲೂ ವರ್ಷ ಕಳೆದಂತೆ ಅಂಕಿ ಏರುತ್ತದೆಯಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ಡಚ್ಚರ ಲೆಕ್ಕವನ್ನು ಆಗಲೇ ಕೊಟ್ಟೆ. ಹಾಗಾಗಿ ಒಂದರ ಪಕ್ಕ ಒಂದಿಟ್ಟು ಅಳೆಯಬೇಕು. ಈ 121 ಜನರ ಅಧ್ಯಯನದಲ್ಲಿ ಪಕ್ಕಕ್ಕಿಡಲು ಇನ್ನೊಂದು ಗುಂಪೇ ಇರಲಿಲ್ಲ. ಜಾಲರಿಯ ತಯಾರಕರ ಹಣದಿಂದಲೇ ನಡೆದ ಅಧ್ಯಯನ ಅದು. ಸುಳ್ಳು ಎನ್ನುತ್ತಿಲ್ಲ, ಅಂಕಿಗಳನ್ನು ಅವರೇ ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ಆದರೆ ಲಕ್ಷಾಂತರ ಹೊಟ್ಟೆಗಳ ಮೇಲೆ ತೀರ್ಮಾನ ಮಾಡಲು ಇಷ್ಟು ಸಾಲದು.

ಇಂಥದೇ ಭರವಸೆಯ ಮಾತು ಹಿಂದೊಮ್ಮೆ ಕೇಳಿಬಂದಿತ್ತು. 2000ದ ದಶಕದಲ್ಲಿ ಹಂದಿಯ ಅಥವಾ ಮನುಷ್ಯರ ಚರ್ಮದಿಂದ ಜೀವಕೋಶ ತೊಳೆದು ಮಾಡಿದ "ಜೈವಿಕ" ಜಾಲರಿಗಳು ಬಂದವು. ದೇಹ ಅದನ್ನು ತನ್ನದೇ ಊತಕವಾಗಿ ಮಾಡಿಕೊಳ್ಳುತ್ತದೆ, ಸೋಂಕು ಇದ್ದಲ್ಲೂ ತಡೆಯುತ್ತದೆ ಎಂದರು. ಕಲುಷಿತ ಗಾಯಗಳಲ್ಲಿ ಪ್ಲಾಸ್ಟಿಕ್ ಜಾಲರಿ ಹಾಕುವುದು ತಪ್ಪು ಎನ್ನುವಷ್ಟು ಅದು ರೂಢಿಯಾಯಿತು. ಹಂದಿಚರ್ಮದ ಜಾಲರಿಯನ್ನು 80 ರೋಗಿಗಳಲ್ಲಿ ನೋಡಿದ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಶೇ. 28 ಮರುಕಳಿಸಿತ್ತು, ಆದರೂ ಮಾರಾಟ ನಿಲ್ಲಲಿಲ್ಲ. ಕೊನೆಗೆ 2022ರಲ್ಲಿ, ಕಲುಷಿತ ಗಾಯವಿದ್ದ 253 ಅಮೆರಿಕನ್ ರೋಗಿಗಳನ್ನು ಚೀಟಿಯ ಪ್ರಕಾರ ಎರಡು ಗುಂಪು ಮಾಡಿದ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಜೈವಿಕ ಜಾಲರಿಯವರಲ್ಲಿ ಶೇ. 20.5, ಸಾಮಾನ್ಯ ಪಾಲಿಪ್ರೊಪಿಲೀನ್‌ನವರಲ್ಲಿ ಶೇ. 5.6 ಮರುಕಳಿಸಿತ್ತು. ಸುರಕ್ಷತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬೆಲೆಯ ಮಧ್ಯಾಂಕ ಜೈವಿಕ ಜಾಲರಿಗೆ 21,539 ಡಾಲರ್, ಪಾಲಿಪ್ರೊಪಿಲೀನ್‌ಗೆ 105 ಡಾಲರ್. ಇನ್ನೂರು ಪಟ್ಟು ಹೆಚ್ಚು ಹಣ ಕೊಟ್ಟು ಮೂರು ಪಟ್ಟಿಗಿಂತ ಹೆಚ್ಚು ಮರುಕಳಿಕೆ. ಅದು ತಿಳಿಯುವ ಹೊತ್ತಿಗೆ ಆ ಜಾಲರಿ ಬಳಕೆಗೆ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಈ ಮಧ್ಯೆ ಹೊಟ್ಟೆ ಕೊಯ್ಯಿಸಿಕೊಂಡವರ ಲೆಕ್ಕ ಯಾರು ಕೊಡಬೇಕು?

ಕರಗುವ ಕೃತಕ ಜಾಲರಿ ಈಗ ಅದೇ ಹಾದಿಯ ಆರಂಭದಲ್ಲಿದೆ, ಅದರಲ್ಲೂ ನಮ್ಮ ದೇಶದಲ್ಲಿ. ನನ್ನ ಭಯ ಇದು: ಇಂದು ಹಾಕಿದ ಜಾಲರಿಗಳ ಸೋಲು ಇಂದು ಕಾಣುವುದಿಲ್ಲ. ಐದು, ಏಳು, ಹತ್ತು ವರ್ಷಕ್ಕೆ ಉಬ್ಬು ಮರಳಿ ಬರುತ್ತದೆ. ಮರು ಆಪರೇಷನ್ ಅಂದರೆ ಮೊದಲಿನದರ ಪುನರಾವರ್ತನೆಯಲ್ಲ. ಕರುಳು ಹಳೆಯ ಗಾಯಕ್ಕೆ ಅಂಟಿಕೊಂಡಿರುತ್ತದೆ, ಹರುಕು ದೊಡ್ಡದಾಗಿರುತ್ತದೆ, ಒಳ್ಳೆಯ ಊತಕ ಕಡಿಮೆಯಾಗಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ 2003ರ ಅಧ್ಯಯನದಲ್ಲಿ, ಮೊದಲ ಮರು ಆಪರೇಷನ್ ಆದ ಐದು ವರ್ಷದೊಳಗೆ ಮತ್ತೊಂದು ಬೇಕಾದವರು ಶೇ. 23.8, ಎರಡನೆಯದರ ನಂತರ ಶೇ. 35.3, ಮೂರನೆಯದರ ನಂತರ ಶೇ. 38.7. ಪ್ರತಿ ಸಲವೂ ನಡುವಿನ ಅಂತರ ಕಿರಿದಾಗುತ್ತಾ ಹೋಯಿತು. ಗಾಯ ಮಾಯುವುದನ್ನು ನಿಧಾನಗೊಳಿಸುವ ಸಕ್ಕರೆ ಕಾಯಿಲೆಯವರು ಭಾರತದಲ್ಲಿ 10 ಕೋಟಿಗೂ ಹೆಚ್ಚು ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ನಿಧಾನ ಒಣಗುವ ಕಾಂಕ್ರೀಟಿನ ಕೆಳಗಿಂದ ನಿಗದಿತ ದಿನಕ್ಕೆ ಹಲಗೆ ಎಳೆದಂತಾಗುತ್ತದೆ ಇವರ ಸ್ಥಿತಿ.

ಸೋಲನ್ನು ಕಾಣುವ ಕಣ್ಣಾದರೂ ಇದ್ದರೆ ಅರ್ಧ ಭಯ ಕಳೆಯುತ್ತಿತ್ತು. ಸ್ವೀಡನ್ 1992ರಿಂದ, ಡೆನ್ಮಾರ್ಕ್ 1998ರಿಂದ ಹರ್ನಿಯಾ ಆಪರೇಷನ್‌ಗಳ ರಾಷ್ಟ್ರೀಯ ದಾಖಲೆ ಇಟ್ಟಿವೆ. ಎಥಿಕಾನ್ ಕಂಪನಿಯ ಫಿಜಿಯೊಮೆಶ್ ಎಂಬ ಜಾಲರಿಯನ್ನು 2016ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದು ಡೆನ್ಮಾರ್ಕ್ ಮತ್ತು ಜರ್ಮನಿಯ ದಾಖಲೆಗಳಲ್ಲಿ ಅದರ ಮರುಕಳಿಕೆ ಬೇರೆಯವಕ್ಕಿಂತ ಹೆಚ್ಚು ಕಂಡಿದ್ದರಿಂದ. ಒಬ್ಬೊಬ್ಬ ಸರ್ಜನ್‌ಗೆ ಅದು ಎಂದೂ ಕಾಣುತ್ತಿರಲಿಲ್ಲ. ಅಂಥ ಕಡ್ಡಾಯ ರಾಷ್ಟ್ರೀಯ ದಾಖಲೆ ನಮ್ಮಲ್ಲಿಲ್ಲ. ಸಿ ಮತ್ತು ಡಿ ವರ್ಗದ ವೈದ್ಯಕೀಯ ಸಾಧನಗಳಿಗೆ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಗಿದೆ. ಸಾಧನಗಳಿಂದಾದ ತೊಂದರೆ ವರದಿ ಮಾಡಲು 2015ರಿಂದ ಗಾಜಿಯಾಬಾದಿನ ಔಷಧಕೋಶ ಆಯೋಗದ ಮೂಲಕ ಒಂದು ಕಾರ್ಯಕ್ರಮವೂ ಇದೆ. ಆದರೆ ಏಳು ವರ್ಷದ ನಂತರ ಉಬ್ಬು ಮರಳಿದಾಗ ಇದು ಆ ಜಾಲರಿಯ ದೋಷ ಎಂದು ಯಾರು ಬರೆದು ಕಳಿಸುತ್ತಾರೆ? ರೋಗಿ ಬೇರೆ ಊರಿನ ಬೇರೆ ಆಸ್ಪತ್ರೆಗೆ ಹೋಗಿರುತ್ತಾನೆ. ಮೊದಲ ಸರ್ಜನ್ನಿನ ಲೆಕ್ಕದಲ್ಲಿ ಅವನು ಗುಣವಾದವನು, ಯಾಕೆಂದರೆ ಮರಳಿ ಬರಲಿಲ್ಲ.

ಅಮೆರಿಕದ ಅನುಮೋದನೆ ಇದೆ ಅನ್ನುವುದೂ ದೊಡ್ಡ ಭರವಸೆಯಲ್ಲ. ಈ ಜಾಲರಿಗಳು ಅಲ್ಲಿ ಬಂದದ್ದು 510(ಕೆ) ಎಂಬ ದಾರಿಯಲ್ಲಿ. ಹಿಂದೆ ಒಪ್ಪಿದ ಸಾಧನಕ್ಕೆ ಇದು ಸಾಕಷ್ಟು ಸಮ ಎಂದು ತೋರಿಸಿದರೆ ಆಯಿತು, ರೋಗಿಗಳ ಮೇಲೆ ದೀರ್ಘ ಪ್ರಯೋಗ ಕಡ್ಡಾಯವಲ್ಲ. ಹೆಂಗಸರ ಮೂತ್ರ ಸೋರುವಿಕೆಗೆ ಹಾಕುತ್ತಿದ್ದ ಪ್ರೊಟೆಜೆನ್ ಎಂಬ ಪಟ್ಟಿಯನ್ನು 1999ರಲ್ಲಿ ವಾಪಸು ಪಡೆದರು, ಆದರೆ ಅದಕ್ಕೆ ಸಮ ಎಂದು ತೋರಿಸಿ ಬಂದವು ಉಳಿದವು. ಗರ್ಭಕೋಶ ಜಾರುವಿಕೆಗೆ ಯೋನಿಯ ಮೂಲಕ ಹಾಕುವ ಜಾಲರಿಗಳ ಮಾರಾಟ ನಿಲ್ಲಿಸಲು ಆದೇಶ ಬಂದದ್ದು 2019ರ ಏಪ್ರಿಲ್‌ನಲ್ಲಿ. ನಡುವಿನ ಇಪ್ಪತ್ತು ವರ್ಷ ಎಷ್ಟೋ ಹೆಂಗಸರು ನೋವು ಹೇಳಿಕೊಂಡರೆ, ಅದು ಮನಸ್ಸಿನ ಸಮಸ್ಯೆ ಎಂದು ಮನೆಗೆ ಕಳಿಸಿದರು.

ಹಣದ ಮಾತು ಬಂದಾಗ ನನಗೆ ನೆನಪಾಗುವುದು ಮಹಾರಾಷ್ಟ್ರದ ದೊಂಡಾಯಿಚದ ಸರ್ಜನ್ ರವೀಂದ್ರನಾಥ ತೊಂಗಾಂವ್ಕರ್. ಕಂಪನಿ ಜಾಲರಿ ಕೊಳ್ಳಲಾರದ ಹಳ್ಳಿಗರಿಗೆ ಅವರು ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಸೋಂಕು ಮುಕ್ತಗೊಳಿಸಿ ಹಾಕಿದರು. ಹಲವು ಸರ್ಜನ್‌ಗಳ ಜತೆ ಸೇರಿ 359 ಆಪರೇಷನ್‌ಗಳ ವಿವರವನ್ನು 2003ರಲ್ಲಿ ಪ್ರಕಟಿಸಿದರು. ನಕ್ಕವರಿದ್ದರು. ಅಂಥ ಅಗ್ಗದ ಜಾಲರಿಯನ್ನು ಉಗಾಂಡಾದ 302 ಗಂಡಸರಲ್ಲಿ ಕಂಪನಿ ಜಾಲರಿಯ ಜತೆ ಚೀಟಿಯೆತ್ತಿ ಹೋಲಿಸಿದ ಪ್ರಯೋಗ 2016ರಲ್ಲಿ ಬಂತು. ಒಂದು ವರ್ಷದಲ್ಲಿ ಅಗ್ಗದ ಗುಂಪಿನಲ್ಲಿ ಮರುಕಳಿಸಿದ್ದು ಒಬ್ಬನಿಗೆ, ದುಬಾರಿ ಗುಂಪಿನಲ್ಲಿ ಯಾರಿಗೂ ಇಲ್ಲ. ಬೆಲೆ ಸುಮಾರು ಒಂದು ಡಾಲರ್‌ಗೆ ಎದುರಾಗಿ 125 ಡಾಲರ್. ಒಂದು ವರ್ಷ ಕಡಿಮೆ ಅವಧಿ ಎಂಬ ನನ್ನ ದೂರು ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಅಗ್ಗದ ಜಾಲರಿ ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಿತು. ದುಬಾರಿ ಜಾಲರಿಗೆ ಆ ಪರೀಕ್ಷೆ ಯಾಕೆ ಬೇಡ?

ಕರಗುವ ಜಾಲರಿಯನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಯೊಳಗೆ ಕೀವು ತುಂಬಿ, ಮುಚ್ಚಲಾಗದ ಸ್ಥಿತಿಯಲ್ಲಿ ಜೀವ ಉಳಿಸಲು ತಾತ್ಕಾಲಿಕ ಜಾಲರಿ ಹಾಕುತ್ತಾರೆ, ಮುಂದೆ ಹರ್ನಿಯಾ ಆಗುತ್ತದೆ ಎಂದು ಗೊತ್ತಿದ್ದೇ ಹಾಕುತ್ತಾರೆ. ಅಲ್ಲಿ ಅದು ಸರಿ. ಓರೆ ಹರ್ನಿಯಾ ಇರುವ, ನೋವಿನ ಭಯವಿರುವ ತರುಣನಿಗೆ ನಿಧಾನ ಕರಗುವುದು ಮುಂದೊಂದು ದಿನ ಒಳ್ಳೆಯದೆಂದೇ ಸಾಬೀತಾಗಬಹುದು. ನನ್ನ ತಕರಾರು ಇರುವುದು ಸವೆದ ಗೋಡೆಗೆ, ದೊಡ್ಡ ಹರುಕಿಗೆ, ಸಕ್ಕರೆ ಕಾಯಿಲೆಯವರ ಹಳೆಯ ಗಾಯಕ್ಕೆ ಇದನ್ನು ಹೆಚ್ಚು ಸುರಕ್ಷಿತ ಎಂದು ಮಾರುವುದರ ಬಗ್ಗೆ. ಹರ್ನಿಯಾ ಆಗದಂತೆ ತಡೆಯುವ ದಾರಿಯೂ ಇದೆ, ಅದಕ್ಕೆ ಯಾವ ಜಾಲರಿಯೂ ಬೇಡ. ಹೊಟ್ಟೆ ಮುಚ್ಚುವಾಗ ಅಂಚಿನಿಂದ ಅರ್ಧ ಸೆಂಟಿಮೀಟರಿಗೊಂದು ಸಣ್ಣ ಹೊಲಿಗೆ ಹಾಕಿದರೆ ವರ್ಷದೊಳಗೆ ಹರ್ನಿಯಾ ಶೇ. 13, ಸೆಂಟಿಮೀಟರಿಗೊಂದು ದೊಡ್ಡ ಹೊಲಿಗೆ ಹಾಕಿದರೆ ಶೇ. 21 ಎಂದು ನೆದರ್‌ಲೆಂಡ್ಸ್‌ನಲ್ಲಿ 560 ರೋಗಿಗಳ ಪ್ರಯೋಗ 2015ರಲ್ಲಿ ತೋರಿಸಿತು. ಖರ್ಚು ನಾಲ್ಕೈದು ನಿಮಿಷದ ತಾಳ್ಮೆ.

ಹಾಗಾಗಿ ಮನೆಯವರು ಸಹಿ ಹಾಕುವ ಮುನ್ನ ಕೇಳಬೇಕು: ಜಾಲರಿಯ ಹೆಸರೇನು, ಎಷ್ಟು ತಿಂಗಳಿಗೆ ಬಲ ಕಳೆದುಕೊಳ್ಳುತ್ತದೆ, ಐದು ವರ್ಷದ ಫಲಿತಾಂಶ ಎಲ್ಲಿದೆ, ಕರಗದ ಜಾಲರಿ ನನಗೆ ಯಾಕೆ ಬೇಡ. ಜಾಲರಿಯ ಪೊಟ್ಟಣದ ಮೇಲೆ ಹೆಸರು, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡಲು ಕೇಳುವುದು ರೋಗಿಯ ಹಕ್ಕು. ಸರ್ಕಾರಿ ಯೋಜನೆಯಲ್ಲಿ ಹಣ ಪಾವತಿಸುವ ಮುನ್ನ ಆ ನಂಬರನ್ನು ದಾಖಲಿಸಲೇಬೇಕು ಎಂದು ನಿಯಮ ಮಾಡಿದರೆ ರಾಷ್ಟ್ರೀಯ ದಾಖಲೆಯ ಮೊದಲ ಇಟ್ಟಿಗೆ ಇಟ್ಟಂತಾಗುತ್ತದೆ.

ಚಿಕ್ಕಮ್ಮನಿಗೆ ಕರಗುವುದನ್ನೇ ಹಾಕಿದರು. ಈ ಪ್ರಬಂಧಗಳನ್ನು ಓದಿದ ಮೇಲೆ ಅವಳ ಕಡತ ತರಿಸಿ ನೋಡಿದೆ. ರೇಷನ್ ಕಾರ್ಡಿನ ಜೆರಾಕ್ಸ್ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದಾಳೆ. ಸಮ್ಮರಿಯಲ್ಲಿ ಇರುವುದು ಒಂದೇ ಸಾಲು: ಕರಗುವ ಮೆಶ್ ಹಾಕಲಾಗಿದೆ. ಹೆಸರಿಲ್ಲ, ನಂಬರಿಲ್ಲ. ಆಸ್ಪತ್ರೆಗೆ ಎರಡು ಸಲ ಹೋಗಿ ಕೇಳಿದೆ; ಪೊಟ್ಟಣ ಅಂದೇ ಕಸಕ್ಕೆ ಹೋಗಿರುತ್ತದೆ ಎಂದರು. ಅದು ಆರು ತಿಂಗಳದ್ದೋ, ಒಂದೂವರೆ ವರ್ಷದ್ದೋ, ಮೂರು ವರ್ಷದ್ದೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಅವಳು ಕೆಮ್ಮಿದಳು. ಹೊಟ್ಟೆಗೆ ಕೈ ಅದುಮಿ ಹಿಡಿದು ಕೆಮ್ಮು ಚಿಕ್ಕಮ್ಮ ಎಂದೆ.